ಹೊಸ ಯಂತ್ರ, ಹಳೆಯ ಕಸುಬು: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಂಚಿಕೆಗೆ ಆರಿಸಿಕೊಂಡ ನಾಲ್ಕು ಪತ್ರಗಳು ಶಿಡ್ಲಘಟ್ಟ, ತುಮಕೂರು ಮತ್ತು ಕೆಜಿಎಫ್‌ನಿಂದ ಬಂದಿವೆ. ಶಿಡ್ಲಘಟ್ಟದ ಎರಡು ಪತ್ರಗಳಲ್ಲಿ ಒಂದನ್ನು ರೇಷ್ಮೆ ನೂಲು ತೆಗೆಯುವ ಘಟಕದ ಮಾಲೀಕರು ಬರೆದಿದ್ದಾರೆ, ಇನ್ನೊಂದನ್ನು ಅಂಥದೇ ಘಟಕದಲ್ಲಿ ದುಡಿಯುವ ಹೆಣ್ಣುಮಗಳು ಬರೆದಿದ್ದಾರೆ. ಇಬ್ಬರ ಆತಂಕಕ್ಕೂ ಮೂಲ ಒಂದೇ ಆದ್ದರಿಂದ ಆ ಎರಡಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇವೆ.

ಪ್ರಶ್ನೆ: ಮಾನ್ಯರೇ, ನಮ್ಮ ತಂದೆಯವರ ಕಾಲದಿಂದ ಶಿಡ್ಲಘಟ್ಟದಲ್ಲಿ ಕಾಟೇಜ್ ಬೇಸಿನ್ (ಬಿಸಿನೀರಿನ ತೊಟ್ಟಿಯ ಮುಂದೆ ಕುಳಿತು ನೂಲು ತೆಗೆಯುವ ಸಣ್ಣ ಯಂತ್ರ) ಇಟ್ಟುಕೊಂಡು ಗೂಡಿನಿಂದ ರೇಷ್ಮೆ ನೂಲು ಬಿಚ್ಚಾಣಿಕೆ ಮಾಡುತ್ತಿದ್ದೇವೆ. ಈಚೆಗೆ ಊರಿನಲ್ಲಿ ಆಟೊಮ್ಯಾಟಿಕ್ ರೀಲಿಂಗ್ (ನೂಲು ಬಿಚ್ಚುವ) ಯಂತ್ರಗಳು ಬಂದಿದ್ದು, ನಮ್ಮ ಹಳೆಯ ಗಿರಾಕಿಗಳೂ ಅದರ ನೂಲನ್ನೇ ಕೇಳುತ್ತಿದ್ದಾರೆ. ಮನೆಯನ್ನು ಅಡವಿಟ್ಟು ಸಾಲ ಮಾಡಿ ನಾವೂ ಯಂತ್ರ ಹಾಕಬೇಕೇ, ಅಥವಾ ಕಸುಬನ್ನೇ ಬಿಟ್ಟುಬಿಡಬೇಕೇ?
— ಒಬ್ಬ ರೀಲರ್, ಶಿಡ್ಲಘಟ್ಟ

ಉತ್ತರ: ನಿಮ್ಮ ಮುಂದೆ ಎರಡೇ ದಾರಿಗಳಿವೆ ಎಂದುಕೊಂಡು ನೀವು ಬರೆದಿದ್ದೀರಿ, ಇನ್ನೂ ಒಂದೆರಡು ದಾರಿಗಳಿವೆ. ಅವುಗಳನ್ನು ಹೇಳುವ ಮೊದಲು ಆ ಯಂತ್ರ ನಿಮ್ಮ ಕೆಲಸದ ಯಾವ ಭಾಗವನ್ನು ಮಾಡುತ್ತದೆ, ಯಾವುದನ್ನು ಮಾಡುವುದಿಲ್ಲ ಎಂಬುದನ್ನು ಬಿಡಿಸಿ ನೋಡುವುದು ಅಗತ್ಯ.

ನಿಮ್ಮ ಬೇಸಿನ್ ಮುಂದೆ ಕುಳಿತವರು ಪ್ರತಿ ಎಳೆಯಲ್ಲಿ ಎಷ್ಟು ಗೂಡು ಓಡುತ್ತಿದೆ ಎಂದು ಕಣ್ಣಳತೆಯಲ್ಲೇ ನೋಡಿ, ಒಂದು ಮುಗಿದ ಕೂಡಲೇ ಇನ್ನೊಂದರ ತುದಿಯನ್ನು ಸೇರಿಸುತ್ತಾರೆ. ನೂಲಿನ ದಪ್ಪ ಒಂದೇ ಸಮನಾಗಿ ಬರುವುದು ಅವರ ಕಣ್ಣು ಮತ್ತು ಬೆರಳುಗಳ ಚುರುಕಿನಿಂದ. ಆಟೊಮ್ಯಾಟಿಕ್ ಯಂತ್ರದಲ್ಲಿ ಈ ಒಂದು ಕೆಲಸವನ್ನು ಪ್ರತಿ ಎಳೆಗೂ ಅಳವಡಿಸಿದ ಒಂದು ಅಳತೆಯ ಸಾಧನ ಮಾಡುತ್ತದೆ. ನೂಲು ಗೊತ್ತುಪಡಿಸಿದ ಮಿತಿಗಿಂತ ತೆಳುವಾದಾಗ ಅದು ಸೂಚನೆ ಕೊಡುತ್ತದೆ, ಯಂತ್ರ ಹೊಸ ಗೂಡನ್ನು ತಂದು ಸೇರಿಸುತ್ತದೆ. 20/22 ಡೆನಿಯರ್ ನೂಲು ಎಂದರೆ 9,000 ಮೀಟರ್ ನೂಲಿನ ತೂಕ 20ರಿಂದ 22 ಗ್ರಾಂ ಒಳಗೇ ಇರಬೇಕು. ವಿದ್ಯುತ್ ಮಗ್ಗದ ಹಾಸು ನೂಲಿಗೆ (ಬಟ್ಟೆಯ ಉದ್ದದ ಎಳೆಗಳಿಗೆ) ಈ ಸಮತೆ ಬೇಕೇ ಬೇಕು, ಏಕೆಂದರೆ ಹಾಸಿನ ಒಂದು ಎಳೆ ಕಡಿದರೂ ಮಗ್ಗ ನಿಲ್ಲುತ್ತದೆ. ಈ ಕಾರಣಕ್ಕೇ ನಮ್ಮ ನೇಕಾರರು ಬಹುಕಾಲ ಚೀನಾದ ನೂಲನ್ನು ನೆಚ್ಚಿಕೊಂಡಿದ್ದರು. ನಿಮ್ಮ ಗಿರಾಕಿಗಳು ಈಗ ಯಂತ್ರದ ನೂಲನ್ನು ಕೇಳುತ್ತಿರುವುದೂ ಅದೇ ಅಗತ್ಯದಿಂದ. ಅವರನ್ನು ದೂರುವಂತಿಲ್ಲ.

ಆದರೆ ಕಣ್ಣಿರುವ ಕೆಲಸಗಾರರು ಬೆರಕೆ ಲಾಟನ್ನು (ಒಟ್ಟಿಗೆ ಕೊಂಡ ಗೂಡಿನ ರಾಶಿಯನ್ನು) ಹೇಗೋ ಸಂಭಾಳಿಸುವಂತೆ ಈ ಯಂತ್ರ ಸಂಭಾಳಿಸುವುದಿಲ್ಲ. ಅದು ರೂಪುಗೊಂಡಿದ್ದು ಜಪಾನಿನಲ್ಲಿ, ಅಲ್ಲಿನ ದ್ವಿತಳಿ (ವರ್ಷಕ್ಕೆ ಎರಡು ಪೀಳಿಗೆ ಕಾಣುವ ಹುಳುವಿನ) ಗೂಡುಗಳಿಗಾಗಿ. ಒಳ್ಳೆಯ ದ್ವಿತಳಿ ಗೂಡಿನಿಂದ ಸಾವಿರ ಮೀಟರಿನಷ್ಟು ಎಳೆ ಕಡಿಯದೆ ಬರುತ್ತದೆ. ನಾವು ಸಿಬಿ ಎಂದು ಕರೆಯುವ ಮಿಶ್ರತಳಿ ಗೂಡಿನ ಎಳೆ ಅದಕ್ಕಿಂತ ಸಾಕಷ್ಟು ಗಿಡ್ಡ. ನಮ್ಮ ಭಾಗ ಮೊದಲಿನಿಂದಲೂ ಸಿಬಿ ಗೂಡಿನ ಸೀಮೆ. ಮೈಸೂರು ತಳಿಗೆ ಸಿಎಸ್‌ಆರ್-2 ತಳಿಯನ್ನು ಕೂಡಿಸಿ ಪಡೆದ ಮಿಶ್ರತಳಿಗೆ ‘ಕೋಲಾರ್ ಗೋಲ್ಡ್’ ಎಂಬ ಹೆಸರೇ ಬಂದಿರುವುದು ಇದಕ್ಕೆ ಸಾಕ್ಷಿ. ಹೀಗಾಗಿ ನೀವು ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ಯಂತ್ರದ ಬೆಲೆಯದ್ದಲ್ಲ. ವರ್ಷದ ಹನ್ನೆರಡು ತಿಂಗಳೂ, ಮಳೆಗಾಲದಲ್ಲಿಯೂ, ಯಂತ್ರಕ್ಕೆ ಒಗ್ಗುವ ದ್ವಿತಳಿ ಗೂಡು ನಿಮಗೆ ಸಿಗುತ್ತದೆಯೇ ಎಂಬುದು.

ಎರಡನೆಯ ಪ್ರಶ್ನೆ ದುಡಿಯುವ ಬಂಡವಾಳದ್ದು, ಅಂದರೆ ದಿನನಿತ್ಯ ಗೂಡು ಕೊಳ್ಳಲು ಕೈಯಲ್ಲಿರಬೇಕಾದ ಹಣದ್ದು. ದಿನಕ್ಕೆ 40 ಕಿಲೋ ನೂಲು ತೆಗೆಯುತ್ತೀರಿ ಎಂದಿಟ್ಟುಕೊಳ್ಳಿ. ಒಂದು ಕಿಲೋ ನೂಲಿಗೆ ಆರೂವರೆ ಕಿಲೋ ದ್ವಿತಳಿ ಗೂಡು ಎಂದು ಹಿಡಿದರೆ ದಿನವೊಂದಕ್ಕೆ 260 ಕಿಲೋ ಗೂಡು ಬೇಕು. ಗೂಡಿನ ದರ ಕಿಲೋಗೆ 600 ರೂಪಾಯಿ ಎಂದು ಲೆಕ್ಕಕ್ಕಾಗಿ ಇಟ್ಟುಕೊಂಡರೂ ಅದು ದಿನಕ್ಕೆ 1,56,000 ರೂಪಾಯಿ, ಹದಿನೈದು ದಿನಕ್ಕೆ 23 ಲಕ್ಷಕ್ಕೂ ಹೆಚ್ಚು. ಹರಾಜಾದ ಗೂಡಿನ ಹಣ ರೈತರ ಬ್ಯಾಂಕ್ ಖಾತೆಗೆ ಕೂಡಲೇ ಹೋಗಬೇಕು, ಹೋಗುವುದು ನ್ಯಾಯವೂ ಹೌದು. ನೂಲಿನ ಹಣ ಮಾತ್ರ ನಿಮಗೆ ನಿಧಾನವಾಗಿ ಬರುತ್ತದೆ. ಯಂತ್ರದ ಕಂತನ್ನು ಕಟ್ಟಲಾಗದೆ ಘಟಕ ಮುಳುಗುವುದಕ್ಕಿಂತ, ಯಂತ್ರಕ್ಕೆ ಹಾಕಲು ಗೂಡು ಕೊಳ್ಳಲಾಗದೆ ಅದು ಖಾಲಿ ನಿಂತು, ಆಮೇಲೆ ಕಂತು ತಪ್ಪಿ ಮುಳುಗುವ ಸಂಭವವೇ ಹೆಚ್ಚು. ಬ್ಯಾಂಕಿನ ಮುಂದೆ ಕುಳಿತಾಗ ಯಂತ್ರದ ಸಾಲದ ಜೊತೆಗೆ ದುಡಿಯುವ ಬಂಡವಾಳದ ಸಾಲವನ್ನೂ ಒಟ್ಟಿಗೆ ಮಾತನಾಡಿ. ಅದು ಸಿಗದಿದ್ದರೆ ಯಂತ್ರದ ಸಾಲವನ್ನೂ ಬೇಡವೆನ್ನಿ. ಗೂಡನ್ನು ಒಣಗಿಸಿ ಇಡುವ ಬಿಸಿಗಾಳಿ ಡ್ರೈಯರ್, ಬಾಯ್ಲರ್, ಮೃದು ನೀರು, ನಿಲ್ಲದ ವಿದ್ಯುತ್ತು, ಇವೆಲ್ಲದರ ವೆಚ್ಚವನ್ನು ಯಂತ್ರದ ಬೆಲೆಯಲ್ಲೇ ಸೇರಿಸಿಕೊಳ್ಳಿ.

ಈಗ ಬೇರೆ ದಾರಿಗಳ ವಿಚಾರ. ಕಾಟೇಜ್ ಬೇಸಿನ್‌ಗೂ ಆಟೊಮ್ಯಾಟಿಕ್ ಯಂತ್ರಕ್ಕೂ ನಡುವೆ ಮಲ್ಟಿ ಎಂಡ್ ಯಂತ್ರವಿದೆ. ಕಾಟೇಜ್ ಬೇಸಿನ್‌ನಲ್ಲಿ ಸಾಮಾನ್ಯವಾಗಿ 6 ಎಳೆಗಳಿದ್ದರೆ ಇದರಲ್ಲಿ 10 ಇರುತ್ತವೆ. ರಾಟೆ ನಿಧಾನವಾಗಿ ತಿರುಗುವುದರಿಂದ ನೂಲು ಕಡಿಯುವುದು ಕಡಿಮೆ, ಗುಣಮಟ್ಟ ಮೇಲು, ಮತ್ತು ಒಳ್ಳೆಯ ಸಿಬಿ ಗೂಡನ್ನೂ ಇದು ತಾಳಿಕೊಳ್ಳುತ್ತದೆ. ಕೈಮಗ್ಗಕ್ಕೆ ಮತ್ತು ಹೊಕ್ಕು ನೂಲಿಗೆ (ಬಟ್ಟೆಯ ಅಡ್ಡದ ಎಳೆಗಳಿಗೆ) ಬೇಡಿಕೆ ಇರುವಷ್ಟು ಕಾಲ ಇಂಥ ಘಟಕಕ್ಕೆ ಬದುಕಿದೆ. ಇನ್ನೊಂದು ದಾರಿ, ನಿಮ್ಮಂಥ ನಾಲ್ಕಾರು ರೀಲರ್‌ಗಳು ಸೇರಿ ಒಂದೇ ಯಂತ್ರವನ್ನು ಹಾಕುವುದು. ಹರಾಜಿನಲ್ಲಿ ದಿನವೂ ಎದುರುಬದುರು ನಿಂತು ಕೂಗುವವರು ಒಂದೇ ಲೆಕ್ಕದ ಪುಸ್ತಕಕ್ಕೆ ಸಹಿ ಹಾಕುವುದು ಕಷ್ಟವೆಂದು ಬಲ್ಲೆ. ಆದರೂ ಗೂಡು ಕೊಳ್ಳುವ ಶಕ್ತಿ, ಯಂತ್ರ ಖಾಲಿ ನಿಲ್ಲದಂತೆ ನೋಡಿಕೊಳ್ಳುವ ಶಕ್ತಿ ಎರಡೂ ಒಬ್ಬರಿಗಿಂತ ನಾಲ್ವರಿಗೆ ಹೆಚ್ಚು. ಬೆಂಗಳೂರಿನಲ್ಲಿ ಕೇಂದ್ರ ರೇಷ್ಮೆ ಮಂಡಳಿಯ ಅಡಿಯಲ್ಲಿರುವ ಕೇಂದ್ರೀಯ ರೇಷ್ಮೆ ತಾಂತ್ರಿಕ ಸಂಶೋಧನಾ ಸಂಸ್ಥೆ ಬಿಚ್ಚಾಣಿಕೆಯಲ್ಲಿ ತರಬೇತಿ ಕೊಡುತ್ತದೆ. ನೀವು ದಿನವೂ ಕೊಳ್ಳುವಂಥ ಗೂಡಿನ ಒಂದು ಲಾಟನ್ನು ಒಯ್ದು, ಯಾವ ಯಂತ್ರದಲ್ಲಿ ಅದರಿಂದ ಎಷ್ಟು ನೂಲು, ಯಾವ ದರ್ಜೆಯದು ಬರುತ್ತದೆ ಎಂದು ಅಲ್ಲಿನ ತಜ್ಞರಿಂದ ತಿಳಿದುಕೊಂಡ ಮೇಲೆ ನಿರ್ಧಾರಕ್ಕೆ ಬನ್ನಿ. ಸಹಾಯಧನದ ವಿಚಾರವನ್ನು ರೇಷ್ಮೆ ಇಲಾಖೆಯಲ್ಲಿ ಕೇಳುವಾಗ, ಎಷ್ಟು ಎಂಬುದರ ಜೊತೆಗೆ ಯಾವ ಹಂತದಲ್ಲಿ ಕೈಸೇರುತ್ತದೆ ಎಂಬುದನ್ನೂ ಕೇಳಿ. ಅದು ಬರುವವರೆಗಿನ ಬಡ್ಡಿ ನಿಮ್ಮದೇ ಆಗುತ್ತದೆ.

ಮನೆಯನ್ನು ಅಡವಿಡಬೇಡಿ ಎಂದು ನೇರವಾಗಿಯೇ ಹೇಳುತ್ತೇನೆ. ಘಟಕ ನಷ್ಟವಾದರೆ ಇನ್ನೊಂದು ಕಸುಬು ಹಿಡಿಯಬಹುದು. ಮನೆ ಹೋದ ಕುಟುಂಬಕ್ಕೆ ಆ ಅವಕಾಶವೂ ಉಳಿಯುವುದಿಲ್ಲ.

ಪ್ರಶ್ನೆ: ನಾನು ಹದಿನೈದು ವರ್ಷಗಳಿಂದ ನೂಲು ಬಿಚ್ಚುವ ಘಟಕವಾದ ಫಿಲೇಚರ್‌ನಲ್ಲಿ ಬೇಸಿನ್ ಕೆಲಸ ಮಾಡುತ್ತಿದ್ದೇನೆ. ಬಿಸಿನೀರಿನಲ್ಲಿ ಅದ್ದಿ ಅದ್ದಿ ಬೆರಳುಗಳ ಚರ್ಮ ಕಿತ್ತುಹೋಗಿದೆ. ಹೊಸ ಯಂತ್ರ ಬಂದರೆ ನಮ್ಮಲ್ಲಿ ಅರ್ಧ ಜನ ಸಾಕು ಎಂದು ಮಾಲೀಕರು ಹೇಳುತ್ತಿದ್ದಾರೆ. ಕೈಗೆ ಆರಾಮ ಸಿಗುತ್ತದೆ ಎಂದು ಸಂತೋಷಪಡಬೇಕೋ, ಕೂಲಿ ಹೋಗುತ್ತದೆ ಎಂದು ಅಳಬೇಕೋ ತಿಳಿಯದು. ನಾನು ಏನು ಕಲಿಯಬೇಕು?
— ಒಬ್ಬ ಕೆಲಸಗಾರ್ತಿ, ಶಿಡ್ಲಘಟ್ಟ

ಉತ್ತರ: ತಾಯಿ, ನಿಮ್ಮ ಬೆರಳುಗಳ ಸ್ಥಿತಿಯೇ ಆ ಯಂತ್ರ ಬರಬೇಕು ಎನ್ನುವುದಕ್ಕೆ ಒಂದು ಬಲವಾದ ಕಾರಣ. ಆ ನೋವನ್ನು ಹದಿನೈದು ವರ್ಷ ಉಂಡವರೇ ಯಂತ್ರ ಬಂದ ದಿನ ಹೊರಗೆ ಹೋಗಬೇಕಾದರೆ ಅದಕ್ಕಿಂತ ಅನ್ಯಾಯ ಬೇರೆ ಇಲ್ಲ.

ಯಂತ್ರ ನಿಮ್ಮಿಂದ ತೆಗೆದುಕೊಳ್ಳುವುದು ಮುಖ್ಯವಾಗಿ ಎಳೆಗೆ ಗೂಡು ಸೇರಿಸುವ ಕೆಲಸವನ್ನು. ಅದಕ್ಕೆ ಮುಂಚಿನ ಮತ್ತು ನಂತರದ ಕೆಲಸಗಳಲ್ಲಿ ಹಲವು ಉಳಿಯುತ್ತವೆ: ಜೋಡಿ ಗೂಡು, ಕಲೆಯಾದ ಗೂಡು, ಸುಕ್ಕಾದ ಗೂಡುಗಳನ್ನು ಆರಿಸಿ ತೆಗೆಯುವುದು, ಗೂಡು ಬೇಯಿಸುವುದು, ಕಡಿದ ಎಳೆಯನ್ನು ಗಂಟು ಹಾಕಿ ಮತ್ತೆ ಓಡಿಸುವುದು, ಮರುಸುತ್ತು, ಲಡಿ (ನೂಲಿನ ಸುರುಳಿ) ಕಟ್ಟುವುದು, ನೂಲಿನ ದೋಷ ನೋಡುವುದು. ಇವುಗಳಲ್ಲಿ ಗೂಡು ಬೇಯಿಸುವುದನ್ನು ಕಲಿಯಿರಿ ಎಂದು ಒತ್ತಿ ಹೇಳುತ್ತೇನೆ. ಕಡಿಮೆ ಬೆಂದರೆ ಎಳೆ ಬಿಡದೆ ಕಡಿಯುತ್ತದೆ, ಹೆಚ್ಚು ಬೆಂದರೆ ಗಂಟುಗಂಟಾಗಿ ಬಂದು ರೇಷ್ಮೆಯೆಲ್ಲ ವ್ಯರ್ಥವಾಗುತ್ತದೆ. ಪ್ರತಿ ಲಾಟಿಗೂ ನೀರಿನ ಬಿಸಿ, ಹಬೆ, ಸಮಯ ಬದಲಾಗಬೇಕು. ಲಕ್ಷಾಂತರ ರೂಪಾಯಿ ಕೊಟ್ಟು ತಂದ ಯಂತ್ರ ದಿನವಿಡೀ ಸರಾಗವಾಗಿ ಓಡುವುದು ಬೇಯಿಸುವವರ ತಿಳಿವಳಿಕೆಯ ಮೇಲೆಯೇ. ಗೂಡನ್ನು ಬೆರಳಿನಲ್ಲಿ ಒತ್ತಿ ನೋಡಿ ಅದು ಹೇಗೆ ಬಿಚ್ಚೀತು ಎಂದು ಹೇಳುವ ಅಂದಾಜು ನಿಮಗೆ ಈಗಾಗಲೇ ಇದೆ. ಅದರ ಮೇಲೆ ಥರ್ಮಾಮೀಟರ್ ಓದುವುದು, ಹಬೆಯ ಒತ್ತಡದ ಮಾಪಕ ನೋಡುವುದು, ಲಾಟಿನ ವಿವರವನ್ನು ಪುಸ್ತಕದಲ್ಲಿ ಬರೆದಿಡುವುದು ಸೇರಿದರೆ ನಿಮ್ಮ ಕೆಲಸವನ್ನು ಇನ್ನೊಬ್ಬರಿಗೆ ಕೊಡುವುದು ಸುಲಭವಲ್ಲ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಯಂತ್ರ ಕೂರಿಸಲು ಬಂದ ತಂತ್ರಜ್ಞರು ಕೆಲವು ದಿನ ನಿಂತು ಕೆಲಸ ಕಲಿಸಿ ಹೋಗುತ್ತಾರೆ. ಆ ದಿನಗಳಲ್ಲಿ ಯಂತ್ರದ ಮುಂದೆ ಮಾಲೀಕರ ಮಗನೋ ಒಬ್ಬಿಬ್ಬರು ಹುಡುಗರೋ ನಿಂತಿದ್ದು, ಹೆಂಗಸರನ್ನು ಗುಡಿಸಲು, ಗೂಡು ಆರಿಸಲು ಕಳಿಸಿಬಿಟ್ಟರೆ ಮುಂದೆ ಹೆಚ್ಚು ಕೂಲಿಯ ಕೆಲಸ ಯಾರದು, ಕಡಿಮೆ ಕೂಲಿಯದು ಯಾರದು ಎಂಬುದು ಆಗಲೇ ತೀರ್ಮಾನವಾಗಿಬಿಡುತ್ತದೆ. ಎಷ್ಟೋ ಕಸುಬುಗಳಲ್ಲಿ ಯಂತ್ರ ಬಂದಾಗ ಹೆಂಗಸರ ಕೆಲಸ ಗಂಡಸರ ಕೈಗೆ ಹೋದದ್ದು ಹೀಗೆಯೇ. ಆದ್ದರಿಂದ ಯಂತ್ರ ಬರುವ ಮುಂಚೆಯೇ, ನಾಲ್ಕಾರು ಜನ ಒಟ್ಟಾಗಿ ಹೋಗಿ, ಕಲಿಸುವ ದಿನಗಳಲ್ಲಿ ನಮ್ಮನ್ನೂ ಯಂತ್ರದ ಮುಂದೆ ನಿಲ್ಲಿಸಿ ಎಂದು ಮಾಲೀಕರನ್ನು ಕೇಳಿ.

ಕಾನೂನು ನಿಮ್ಮ ಪರವಾಗಿ ಹೇಳುವ ಮಾತುಗಳಿವೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ, ಜನರನ್ನು ಕಡಿಮೆ ಮಾಡಬೇಕಾಗಿ ಬರುವಂಥ ಯಂತ್ರೋಪಕರಣದ ಬದಲಾವಣೆಗೆ 21 ದಿನ ಮುಂಚಿತವಾಗಿ ಕೆಲಸಗಾರರಿಗೆ ನೋಟಿಸು ಕೊಡಬೇಕು. ಸತತ ಒಂದು ವರ್ಷ ದುಡಿದವರನ್ನು ತೆಗೆಯುವುದಾದರೆ ಒಂದು ತಿಂಗಳ ನೋಟಿಸು ಅಥವಾ ಅದರ ಬದಲು ಆ ಅವಧಿಯ ಕೂಲಿ, ಜೊತೆಗೆ ಪೂರೈಸಿದ ಪ್ರತಿ ವರ್ಷಕ್ಕೆ 15 ದಿನಗಳ ಸರಾಸರಿ ಕೂಲಿಯನ್ನು ಪರಿಹಾರವಾಗಿ ಕೊಡಬೇಕು. ಹದಿನೈದು ವರ್ಷಕ್ಕೆ ಅದು 225 ದಿನಗಳ ಕೂಲಿಯಾಗುತ್ತದೆ. ಇದರ ಮೇಲೆ, ಹೊಸ ಕೌಶಲ ಕಲಿಯಲೆಂದು ಮಾಲೀಕರು ಇನ್ನೂ 15 ದಿನಗಳ ಕೂಲಿಯನ್ನು ಮರುಕೌಶಲ ನಿಧಿಗೆ ಕಟ್ಟಬೇಕು, ಅದು ಕೆಲಸ ಹೋದ 45 ದಿನಗಳೊಳಗೆ ನಿಮ್ಮ ಖಾತೆಗೆ ಬರಬೇಕು. ಆದರೆ ದಿನಗೂಲಿಯನ್ನು ಕೈಗೆ ಕೊಟ್ಟು, ಎಲ್ಲಿಯೂ ಬರೆದಿಡದ ಕಡೆ ಈ ಹಕ್ಕನ್ನು ಸಾಧಿಸುವುದು ಕಷ್ಟ. ಇವತ್ತಿನಿಂದಲೇ ಕೂಲಿಯನ್ನು ಬ್ಯಾಂಕ್ ಖಾತೆಗೆ ಹಾಕಿಸಿಕೊಳ್ಳಿ, ಹಾಜರಿಯನ್ನು ನಿಮ್ಮದೇ ಪುಸ್ತಕದಲ್ಲಿ ಬರೆದಿಡಿ, ಅಸಂಘಟಿತ ಕಾರ್ಮಿಕರಿಗಾಗಿ ಇರುವ ಇ-ಶ್ರಮ್ ನೋಂದಣಿ ಮಾಡಿಸಿಲ್ಲವಾದರೆ ಮಾಡಿಸಿ. ಯಾವುದಾದರೂ ತಕರಾರು ಬಂದರೆ ಕಾರ್ಮಿಕ ಇಲಾಖೆಯ ಕಚೇರಿಗೆ ಒಬ್ಬರೇ ಹೋಗಬೇಡಿ. ಜೊತೆಯವರನ್ನು ಕರೆದುಕೊಂಡು ಹೋಗಿ.

ಮೊದಲ ಪತ್ರ ಬರೆದ ಮಾಲೀಕರೂ ಈ ಉತ್ತರವನ್ನು ಓದಲಿ ಎಂದು ಬಯಸುತ್ತೇನೆ. ಗೂಡಿನ ಗುಣವನ್ನು ಬಲ್ಲ ಕೆಲಸಗಾರ್ತಿಯನ್ನು ಕಳಿಸಿಬಿಟ್ಟ ಘಟಕಕ್ಕೆ ಆ ತಿಳಿವಳಿಕೆ ಯಂತ್ರದ ಜೊತೆ ಪೆಟ್ಟಿಗೆಯಲ್ಲಿ ಬರುವುದಿಲ್ಲ.

ಪ್ರಶ್ನೆ: ನಮ್ಮ ತಂದೆ ತುಮಕೂರಿನ ಎಚ್‌ಎಂಟಿ ಗಡಿಯಾರ ಕಾರ್ಖಾನೆಯಲ್ಲಿದ್ದರು. ನಾನು ಮೂರು ಲೇತ್ (ಲೋಹ ಕಡೆಯುವ ಯಂತ್ರ) ಇಟ್ಟುಕೊಂಡು ಜಾಬ್ ವರ್ಕ್ ಮಾಡುತ್ತೇನೆ. ಎಲ್ಲರೂ ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಯಂತ್ರ) ಎನ್ನುತ್ತಿದ್ದಾರೆ. ಅಷ್ಟು ದೊಡ್ಡ ಕಾರ್ಖಾನೆಯೇ ಉಳಿಯಲಿಲ್ಲ, ನನ್ನ ಪಾಡೇನು?
— ಹಿರೇಹಳ್ಳಿ, ತುಮಕೂರು

ಉತ್ತರ: ಎಚ್‌ಎಂಟಿಯ ಕತೆಯನ್ನು ಸರಿಯಾಗಿ ಓದಿಕೊಂಡರೆ ನಿಮಗೆ ಭಯಕ್ಕಿಂತ ಹೆಚ್ಚಾಗಿ ಬುದ್ಧಿ ಸಿಗುತ್ತದೆ. 1969ರ ಡಿಸೆಂಬರಿನಲ್ಲಿ ಜಪಾನಿನ ಸೀಕೊ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರುಕಟ್ಟೆಗೆ ತಂದಿತು. ಸೆಕೆಂಡಿಗೆ ಸಾವಿರಾರು ಬಾರಿ ಕಂಪಿಸುವ ಹರಳೊಂದು, ನೂರಾರು ನುರಿತ ಕೈಗಳು ಸ್ಪ್ರಿಂಗು ಮತ್ತು ಹಲ್ಲುಚಕ್ರಗಳಲ್ಲಿ ಸಾಧಿಸುತ್ತಿದ್ದ ನಿಖರತೆಯನ್ನು ಬರುಬರುತ್ತಾ ಅಗ್ಗವಾಗಿ ಕೊಡತೊಡಗಿತು. ಸ್ವಿಟ್ಜರ್‌ಲೆಂಡಿನ ತಂತ್ರಜ್ಞರು 1967ರಲ್ಲೇ ಕ್ವಾರ್ಟ್ಜ್ ಮಾದರಿಯನ್ನು ತಯಾರಿಸಿದ್ದರೂ ಅಲ್ಲಿನ ಕಂಪನಿಗಳು ತಮ್ಮ ಹಳೆಯ ಹೆಮ್ಮೆಯನ್ನು ಬಿಡಲಿಲ್ಲ. 1970ರ ಸುಮಾರಿಗೆ ಆ ದೇಶದ ಗಡಿಯಾರ ಉದ್ಯಮದಲ್ಲಿ 90,000ದಷ್ಟಿದ್ದ ಕೆಲಸಗಾರರು 1980ರ ದಶಕದ ನಡುವಿನ ಹೊತ್ತಿಗೆ ಹೆಚ್ಚುಕಡಿಮೆ ಮೂರನೇ ಒಂದು ಭಾಗಕ್ಕೆ ಇಳಿದರು. ಅವರನ್ನು ಮತ್ತೆ ಎತ್ತಿದ್ದು 1983ರಲ್ಲಿ ಬಂದ, ಕೇವಲ 51 ಬಿಡಿಭಾಗಗಳ ಸ್ವಾಚ್ ಗಡಿಯಾರ. ನಮ್ಮಲ್ಲಿಯೂ ಹಾಗೆಯೇ: ಎಚ್‌ಎಂಟಿಯ ತುಮಕೂರು ಕಾರ್ಖಾನೆಯಲ್ಲೇ ಕ್ವಾರ್ಟ್ಜ್ ತಯಾರಾಗುತ್ತಿತ್ತು, ತಂತ್ರ ತಿಳಿಯದ ಸಂಸ್ಥೆ ಅದಾಗಿರಲಿಲ್ಲ. 1984ರಲ್ಲಿ ಹುಟ್ಟಿದ ಟೈಟಾನ್ ಕ್ವಾರ್ಟ್ಜನ್ನೇ ನಂಬಿ, ಅಂಗಡಿ, ವಿನ್ಯಾಸ, ಗಿರಾಕಿಯ ಅಭಿರುಚಿಗಳ ಕಡೆ ಗಮನ ಕೊಟ್ಟು ಮುಂದೆ ಹೋಯಿತು. 2016ರ ಜನವರಿಯಲ್ಲಿ ಎಚ್‌ಎಂಟಿ ಗಡಿಯಾರ ಕಂಪನಿಯನ್ನು ಮುಚ್ಚುವ ನಿರ್ಧಾರಕ್ಕೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ತುಮಕೂರಿನ ಆ ಜಾಗ ಇಸ್ರೊಗೆ ಹೋಯಿತು. ನಿಮ್ಮ ತಂದೆಯವರ ಕೈಚಳಕದಲ್ಲಿ ಕೊರತೆಯಿರಲಿಲ್ಲ. ಗಿರಾಕಿ ಎತ್ತ ನಡೆಯುತ್ತಿದ್ದಾನೆ ಎಂಬುದನ್ನು ನೋಡಿ ಬೇಗ ಹೆಜ್ಜೆ ಬದಲಿಸಬೇಕಾದವರು ಮೇಲಿದ್ದರು.

ನಿಮ್ಮದು ಸಣ್ಣ ಅಂಗಡಿಯಾದ್ದರಿಂದ ಆ ನಿರ್ಧಾರ ನಿಮ್ಮ ಕೈಯಲ್ಲೇ ಇದೆ. ಒಂದು ವರ್ಷದ ಬಿಲ್ಲುಗಳನ್ನು ಮುಂದಿಟ್ಟುಕೊಂಡು, ಒಂದೇ ಭಾಗವನ್ನು ನೂರಾರು ಸಂಖ್ಯೆಯಲ್ಲಿ ಮಾಡಿಕೊಟ್ಟ ಕೆಲಸ ಎಷ್ಟು, ಒಂದೆರಡು ಬಿಡಿಭಾಗಗಳ ರಿಪೇರಿ ಕೆಲಸ ಎಷ್ಟು ಎಂದು ವಿಂಗಡಿಸಿ. ಮೊದಲನೆಯದು ಇವತ್ತಲ್ಲ ನಾಳೆ ಸಿಎನ್‌ಸಿಗೆ ಹೋಗುತ್ತದೆ. ಎರಡನೆಯದಕ್ಕೆ ನಿಮ್ಮ ಲೇತ್‌ಗಳೇ ಸರಿ. ಯಂತ್ರ ಕೊಳ್ಳುವ ಮೊದಲು ಸಿಎನ್‌ಸಿ ಇರುವವರ ಬಳಿ ಗಂಟೆ ಲೆಕ್ಕದಲ್ಲಿ ಕೆಲಸ ಮಾಡಿಸಿ, ಆರ್ಡರು ನಿಲ್ಲುತ್ತದೆಯೇ ನೋಡಿ. ನಿಮ್ಮಲ್ಲಿರುವ ಹಳೆಯ ಟರ್ನರನ್ನೇ ಪ್ರೋಗ್ರಾಮಿಂಗ್ ಕಲಿಯಲು ಕಳಿಸಿ. ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ರಾಜ್ಯ ಸರ್ಕಾರ ಮೇಲ್ದರ್ಜೆಗೇರಿಸಿದ 150 ಐಟಿಐಗಳಲ್ಲಿ ಇಂಥ ಯಂತ್ರಗಳಿವೆ. ಯಾವ ಲೋಹಕ್ಕೆ ಯಾವ ಟೂಲು, ಎಷ್ಟು ವೇಗ, ಎಲ್ಲಿ ಹಿಡಿದರೆ ಭಾಗ ನಡುಗುವುದಿಲ್ಲ ಎಂಬುದನ್ನು ಬಲ್ಲವನಿಗೆ ಕಂಪ್ಯೂಟರಿನ ಸಂಕೇತಗಳನ್ನು ಕಲಿಸಬಹುದು; ಸಂಕೇತ ಮಾತ್ರ ಬಲ್ಲ ಹುಡುಗನಿಗೆ ಲೋಹದ ಗುಣ ತಿಳಿಯಲು ವರ್ಷಗಳು ಹಿಡಿಯುತ್ತವೆ. 2023ರ ಫೆಬ್ರುವರಿಯಲ್ಲಿ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಆರಂಭವಾಗಿರುವುದರಿಂದ ಅಂಥ ಕೆಲಸದ ಮೇಲೂ ನಿಮಗೆ ಕಣ್ಣಿರಬಹುದು. ವಿಮಾನದ ಭಾಗಗಳಲ್ಲಿ ಯಂತ್ರದಷ್ಟೇ ಮುಖ್ಯವಾದದ್ದು ಅಳತೆಯ ದಾಖಲೆ: ಪ್ರತಿ ಭಾಗ ಯಾವ ಲೋಹದಿಂದ ಬಂತು, ಯಾರು ಅಳೆದರು, ಅಳೆಯುವ ಉಪಕರಣದ ತಪಾಸಣೆ ಯಾವಾಗ ಆಯಿತು ಎಂಬುದೆಲ್ಲ ಕಾಗದದಲ್ಲಿರಬೇಕು. ಆ ಅಭ್ಯಾಸಕ್ಕೆ ಖರ್ಚು ಹೆಚ್ಚಿಲ್ಲ; ಈಗಿನ ಮೂರು ಲೇತ್‌ಗಳಿಂದಲೇ ಶುರುಮಾಡಬಹುದು.

ಪ್ರಶ್ನೆ: ನಮ್ಮದು ಗಣಿ ಮುಚ್ಚಿದ ಊರು. ಮಗಳು ನರಸಾಪುರದ ಮೊಬೈಲ್ ಕಾರ್ಖಾನೆಗೆ ಹೋಗುತ್ತಾಳೆ. ನಾಳೆ ರೋಬೊ ಬಂದು ಆ ಕೆಲಸವೂ ಹೋಗುತ್ತದೆಯೇ?
— ಕೆಜಿಎಫ್

ಉತ್ತರ: 2001ರ ಫೆಬ್ರುವರಿ 28ರಂದು ನಿಮ್ಮ ಗಣಿಗಳು ಮುಚ್ಚಿದ್ದಕ್ಕೆ ಹೊಸ ಯಂತ್ರ ಕಾರಣವಲ್ಲ, 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು ತೆಗೆದ ಅದಿರಿನಲ್ಲಿ ಚಿನ್ನದ ಪ್ರಮಾಣ ಕುಸಿದು ಖರ್ಚು ಹುಟ್ಟದಾಯಿತು. ಮಗಳ ಕೆಲಸದ ಲೆಕ್ಕ ಬೇರೆ. ಮೊಬೈಲಿನ ಹಲಗೆಯ ಮೇಲೆ ಸಾಸಿವೆಗಿಂತ ಸಣ್ಣ ಬಿಡಿಭಾಗಗಳನ್ನು ಕೂರಿಸುವುದನ್ನು ಯಂತ್ರಗಳು ಈಗಾಗಲೇ ಮಾಡುತ್ತಿವೆ. ಬಾಗುವ ತೆಳು ಕೇಬಲ್ ಸಿಕ್ಕಿಸುವುದು, ಕೊನೆಯ ಜೋಡಣೆ, ಗೀರು ಮತ್ತು ಕಲೆ ನೋಡುವುದು ಮುಂತಾದವುಗಳಲ್ಲಿ ಇನ್ನೂ ಮನುಷ್ಯರ ಕೈಗಳೇ ಹೆಚ್ಚು, ಆದರೆ ಅವುಗಳಲ್ಲಿಯೂ ಒಂದೊಂದನ್ನು ಯಂತ್ರಕ್ಕೆ ಕೊಡುವ ಪ್ರಯತ್ನ ನಿಲ್ಲುವುದಿಲ್ಲ. ಒಂದೇ ಜಾಗದಲ್ಲಿ ಒಂದೇ ಚಲನೆಯನ್ನು ಮಾಡುತ್ತ ಇರುವವರಿಗೆ ಅಪಾಯ ಹೆಚ್ಚು. ಪರೀಕ್ಷೆಯ ವಿಭಾಗ, ಕೆಟ್ಟ ಫೋನಿನ ದೋಷ ಹುಡುಕುವ ವಿಭಾಗ, ಯಂತ್ರಗಳ ನಿರ್ವಹಣೆ, ಇವುಗಳಿಗೆ ಬದಲಾಯಿಸಿಕೊಳ್ಳಲು ಮಗಳು ಸಂಕೋಚವಿಲ್ಲದೆ ಕೇಳಲಿ. ಐಟಿಐ ಅಥವಾ ಡಿಪ್ಲೊಮಾ ಮಾಡುವ ಅವಕಾಶವಿದ್ದರೆ ಬಿಡುವುದು ಬೇಡ.

ಇದರ ಜೊತೆಗೆ ಅವಳ ನೇಮಕಾತಿ ಪತ್ರವನ್ನು ನೀವೇ ಒಮ್ಮೆ ಓದಿ. ಉದ್ಯೋಗ ಕೊಟ್ಟವರ ಹೆಸರು ಕಾರ್ಖಾನೆಯದೋ, ಜನರನ್ನು ಒದಗಿಸುವ ಗುತ್ತಿಗೆದಾರರದೋ ನೋಡಿ. ಪತ್ರವೇ ಇಲ್ಲದಿದ್ದರೆ ಕೇಳಿ ಪಡೆಯಿರಿ, ಹೊಸ ಕಾರ್ಮಿಕ ಸಂಹಿತೆಗಳು ಅದನ್ನು ಕಡ್ಡಾಯ ಮಾಡಿವೆ. ನಿಗದಿತ ಅವಧಿಯ ನೌಕರಿಯಾಗಿದ್ದರೆ ಒಂದು ವರ್ಷ ಪೂರೈಸಿದವರಿಗೂ ಗ್ರಾಚ್ಯುಟಿ (ಕೆಲಸ ಬಿಡುವಾಗ ಸೇವೆಗೆ ತಕ್ಕಂತೆ ಕೊಡುವ ಹಣ) ಸಲ್ಲಬೇಕು. ಭವಿಷ್ಯನಿಧಿಯ ಪಾಸ್‌ಬುಕ್ಕಿನಲ್ಲಿ ಪ್ರತಿ ತಿಂಗಳ ಹಣ ಜಮೆಯಾಗಿದೆಯೇ ಎಂದು ಮೊಬೈಲಿನಲ್ಲೇ ನೋಡಬಹುದು. ಯಾವುದಾದರೂ ತಿಂಗಳು ಬಿಟ್ಟುಹೋಗಿದ್ದರೆ ಅವಳು ಆ ಕೆಲಸದಲ್ಲಿರುವಾಗಲೇ ಸರಿಪಡಿಸಿಕೊಳ್ಳಲಿ.